ಚೇಂಬರು

ನೈಟ್ ಡ್ಯೂಟಿ ಮುಗಿಸಿ ಸೀದಾ ಬಂದಿದ್ದೆ
ತಣ್ಣೀರುಹಳ್ಳಕ್ಕೆ.
ಹೆಸರಿಗಷ್ಟೇ ತಣ್ಣೀರು.
ಜಬೀವುಲ್ಲಾನ ಗ್ಯಾರೇಜಿನೊಳಗೆ, ನಮ್ಮ ಏಳು ಸೀಟಿನ
ಹಳೇ ಡೀಸೆಲ್ ಕಾರಿನ ಹೊಟ್ಟೆಯಿಂದ
ಇಳಿಯುತ್ತಿದ್ದದ್ದು ಬಿಸಿ ಎಣ್ಣೆ;
ಕಪ್ಪು ದಾರದ ಹಾಗೆ, ಎಷ್ಟು ಹೊತ್ತಾದರೂ ತುಂಡಾಗದೆ.

ಬಿಲ್ಲು ನೋಡಿ ನಿದ್ದೆ ಹಾರಿಹೋಯಿತು.
ಏಳು ಲೀಟರು!
'ನಮ್ಮಣ್ಣನ ಕಾರಿಗೆ ಮೂರು ಸಾಕಾಯ್ತದೆ.
ಇದೇನು ಗಾಡಿಯಾ, ಬೋಂಡಾ ಬಾಣಲೆಯಾ?'

ಅವನು ನಗಲಿಲ್ಲ. ಬೆಳಿಗ್ಗೆ ಎಂಟೂವರೆಗೆ
ಯಾರು ತಾನೇ ನಗುತ್ತಾರೆ.
ಬಟ್ಟೆ ಚೂರಿನಲ್ಲಿ ಒಂದೊಂದೇ ಬೆರಳು ಒರೆಸುತ್ತ ಅಂದ:
'ಎಣ್ಣೆ ಬರೀ ಜಾರಕ್ಕೆ ಅನ್ಕೊಂಡಿದೀರಿ ಸಿಸ್ಟರ್.
ಜಾರಕ್ಕಾದ್ರೆ ಒಂದು ಲೋಟ ಸಾಕು.
ಲೋಹಕ್ಕೂ ಲೋಹಕ್ಕೂ ನಡುವೆ ನಿಲ್ಲೋದು
ಈರುಳ್ಳಿ ಸಿಪ್ಪೆಗಿಂತ ತೆಳು.

ಮಿಕ್ಕಿದ್ದಕ್ಕೆಲ್ಲ ಬೇರೆ ಚಾಕರಿ.
ಪಿಸ್ಟನ್ನಿನ ಬುಡಕ್ಕೆ ಕೆಳಗಿಂದ ಚಿಮ್ಮಬೇಕು,
ಅಲ್ಲಿಯ ಕಾವು ಹೊತ್ಕೊಂಡು ಇಳೀಬೇಕು.
ಡೀಸೆಲ್ಲಿನ ಮಸಿ ಎಲ್ಲೂ ಕೂರದಂಗೆ
ತನ್ನ ಮೈಗೇ ಬಳ್ಕೋಬೇಕು.
ಟರ್ಬೊ ಅಂತ ಒಂದದೆ, ನಿಮಿಷಕ್ಕೆ ಲಕ್ಷ ಸುತ್ತು,
ಅದು ತೇಲೋದೂ ಇದರ ಮೇಲೇ.
ನಿಮ್ಮೆಜಮಾನ್ರು ಬಾಡಿಗೆ ತುಂಬ್ಕೊಂಡು
ಶಿರಾಡಿ ಹತ್ತುವಾಗ ಗಾಡಿ ಮೂತಿ ಎತ್ತಿ
ಎಣ್ಣೆಯೆಲ್ಲ ಹಿಂದಕ್ಕೋಯ್ತದೆ.
ಪಂಪಿನ ಬಾಯಿಗೆ ಆಗಲೂ ಸಿಗಬೇಕು, ಒಂದು ಗುಟುಕು.'

ಬಗ್ಗಿ ತೋರಿಸಿದ. ಎಂಜಿನ್ನಿನಡಿ
ಕಬ್ಬಿಣದ ತಟ್ಟೆಯೊಂದು, ಆಳದ್ದು. ಚೇಂಬರು ಅಂದ.
(ನಮ್ಮಲ್ಲಿ ಚೇಂಬರು ಡಾಕ್ಟರರಿಗೆ ಮಾತ್ರ.)
'ಮೂರು ಲೀಟರಿಗೂ ಓಡ್ತದೆ, ಓಡಲ್ಲ ಅನ್ನಲ್ಲ.
ಆದ್ರೆ ಇಳಿದ ಹನಿ ಇಳಿದಂಗೇ ಮತ್ತೆ ಹತ್ತಬೇಕು.
ಆರಕ್ಕೆ ಟೈಮಿಲ್ಲ.
ಬೇಗ ಸುಟ್ಟೋಯ್ತದೆ, ಗಂಜಿಯಂಗಾಯ್ತದೆ.
ಏಳಿದ್ರೆ, ಒಂದಷ್ಟು ಮೇಲೆ ದುಡೀವಾಗ
ಒಂದಷ್ಟು ಕೆಳಗೆ ಕೂತಿರ್ತದೆ.
ಕೂತಿರೋ ಎಣ್ಣೆಗೂ ದುಡ್ಡು ಕೊಡಬೇಕಾ ಅಂತೀರಿ.
ಕೂರೋದೂ ಕೆಲಸಾನೇ ಸಿಸ್ಟರ್.'

ಕೇಳಿಸಿದ್ದು ಕಿವಿಗಲ್ಲ,
ಚಪ್ಪಲಿಯೊಳಗೆ ಊದಿಕೊಂಡಿದ್ದ ಪಾದಗಳಿಗೆ.

ವಾರ್ಡಿನಲ್ಲಿ ನಲವತ್ತೆರಡು ಮಂಚ,
ನಾನು ಮತ್ತು ದಾಕ್ಷಾಯಿಣಿ.
ಹದಿನೇಳರ ಡ್ರಿಪ್ಪು ಮುಗಿಯುವುದರೊಳಗೆ
ಇಪ್ಪತ್ಮೂರರಲ್ಲಿ ವಾಂತಿ, ಅದನ್ನು ಒರೆಸುವುದರೊಳಗೆ
ಬಾಗಿಲಲ್ಲಿ ಹೊಸ ಸ್ಟ್ರೆಚರು.
ಮಂಗಳವಾರ ಮೂರೂವರೆಗೆ
ಟ್ರೇ ಹಿಡಿದು ನಿಂತೇ ಕಣ್ಣು ಮುಚ್ಚಿದ್ದಳು ದಾಕ್ಷಾಯಿಣಿ.
ಕೈಹಿಡಿದು ಕೂರಿಸಿದೆ. ಪಕ್ಕದಲ್ಲಿ ನಾನೂ ಕೂತೆ.
ಹತ್ತು ನಿಮಿಷ. ಅಷ್ಟರಲ್ಲೇ ರೌಂಡ್ಸು.

ಪರ್ಸಿನಲ್ಲಿದೆ ಆ ಮೆಮೊ:
'ಕರ್ತವ್ಯದ ವೇಳೆಯಲ್ಲಿ ತಾವಿಬ್ಬರೂ
ಕುಳಿತಿದ್ದುದು ಕಂಡುಬಂದಿರುತ್ತದೆ.
ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.'
ಇವತ್ತು ಮೂರನೇ ದಿನ.

ಜಬೀವುಲ್ಲಾ ಹೊಸ ಎಣ್ಣೆ ಹುಯ್ದ, ಜೇನಿನ ಬಣ್ಣ.
ಕಡ್ಡಿ ಅದ್ದಿ, ಒರೆಸಿ, ಮತ್ತೆ ಅದ್ದಿ
ಎರಡು ಗೆರೆಗಳ ನಡುವೆ ಹಿಡಿದು ತೋರಿಸಿದ.
'ಇದಕ್ಕಿಂತ ಮೇಲೆ ಹೋದ್ರೂ ತಪ್ಪೇ, ನೊರೆ ಬರ್ತದೆ.
ತಿಂಗಳಲ್ಲಿ ಕಪ್ಪಾಯ್ತದೆ, ಬಂದು ಜಗಳ ತೆಗೀಬೇಡಿ.
ಡೀಸೆಲ್ ಗಾಡೀಲಿ ಕಪ್ಪಾಗದಿರೋ ಎಣ್ಣೆ ಮೇಲೆ
ನಂಗೆ ಅನುಮಾನ.'

ನಮ್ಮ ಕಡ್ಡಿ ಎಲ್ಲಿದೆಯೋ,
ಯಾರು ಎಳೆದು ನೋಡುತ್ತಾರೋ.

ದುಡ್ಡು ಕೊಟ್ಟೆ, ಚೌಕಾಸಿಲ್ಲದೆ.
ಅಲ್ಲೇ ಸ್ಟೀರಿಂಗಿನ ಮೇಲೆ ಹಾಳೆ ಇಟ್ಟು ಬರೆದೆ:
'ಮಾನ್ಯರೇ, ಕೂತಿದ್ದೆವು, ನಿಜ.
ಆರುತ್ತಿದ್ದೆವು.'

ಮುಂದೇನೂ ಹೊಳೆಯಲಿಲ್ಲ. ಸಹಿ ಮಾಡಿದೆ.
ಹಾಳೆಯ ಮೂಲೆಗೆ
ಹೆಬ್ಬೆಟ್ಟಿನಷ್ಟು ಎಣ್ಣೆ ಹತ್ತಿತ್ತು.
ಇರಲಿ ಅಂತ ಬಿಟ್ಟೆ.